ಕುದೂರು ಸೀಮೆಯ ಮನೆದೇವರು ಮತ್ತು ಊರಹಬ್ಬ

ಕುದೂರು, ಮಾಗಡಿ ತಾಲ್ಲೂಕಿನ ಹೋಬಳಿ ಕೇಂದ್ರ. ಇದರ ಸಮೀಪದಲ್ಲಿ ಕೋಟೆಯುಳ್ಳ ಭೈರವದುರ್ಗ ಬೆಟ್ಟವಿದೆ. ಈ ಸೀಮೆಯ ಹಿಂದೂ ಕುಟುಂಬಗಳ ಧಾರ್ಮಿಕ ಜೀವನಕ್ಕೆ ಎರಡು ಆಧಾರಗಳಿವೆ: ವಂಶಕ್ಕೆ ಸಂಬಂಧಿಸಿದ ಮನೆದೇವರು ಮತ್ತು ನೆಲಕ್ಕೆ ಸಂಬಂಧಿಸಿದ ಗ್ರಾಮದೇವತೆ.

ಮನೆದೇವರು ಎಂದರೇನು?

ಒಂದು ಕುಟುಂಬ ತಲೆಮಾರುಗಳಿಂದ ನಡೆದುಕೊಂಡು ಬಂದ ದೇವರೇ ಅದರ ಮನೆದೇವರು. ಒಂದೇ ದೇವರಿಗೆ ನಡೆದುಕೊಳ್ಳುವ ಕುಟುಂಬಗಳು ಆ ದೇವರ ‘ಒಕ್ಕಲು’ ಎನಿಸುತ್ತವೆ. ಮಗುವಿನ ಮುಡಿ ಕೊಡುವುದು, ಹರಕೆ ತೀರಿಸುವುದು, ಮದುವೆಯ ಮೊದಲ ಲಗ್ನಪತ್ರಿಕೆ ಒಪ್ಪಿಸುವುದು ಮನೆದೇವರ ಸನ್ನಿಧಿಯಲ್ಲೇ. ಒಂದೇ ದೇವರಿಗೆ ಹಲವು ಜಾತಿಗಳ ಒಕ್ಕಲು ಇರುವುದುಂಟು.

ಸೀಮೆಯ ಪ್ರಮುಖ ಕ್ಷೇತ್ರಗಳು

ಮಾಗಡಿಯ ತಿರುಮಲೆಯಲ್ಲಿ ರಂಗನಾಥಸ್ವಾಮಿ ದೇವಾಲಯವಿದೆ. 1,226 ಮೀಟರ್ ಎತ್ತರದ ಸಾವನದುರ್ಗದ ತಪ್ಪಲಿನಲ್ಲಿ ವೀರಭದ್ರ ಮತ್ತು ಲಕ್ಷ್ಮೀನರಸಿಂಹ ದೇವಾಲಯಗಳಿದ್ದು, ಶೈವ ಮತ್ತು ವೈಷ್ಣವ ಪರಂಪರೆಗಳು ಅಲ್ಲಿ ನೆರೆಹೊರೆಯಾಗಿವೆ. 1638ರಲ್ಲಿ ಬಿಜಾಪುರದ ಸೇನೆಗೆ ಬೆಂಗಳೂರನ್ನು ಕಳೆದುಕೊಂಡ ಕೆಂಪೇಗೌಡರ ವಂಶ ಮಾಗಡಿಯಿಂದ ಆಳಿತು. ಮಾಗಡಿಯ ಸೋಮೇಶ್ವರ ದೇವಾಲಯ ಆ ವಂಶದ ಕೊಡುಗೆ.

ಹರಿಸೇವೆ

ವೈಷ್ಣವ ದೇವರ ಒಕ್ಕಲಿನವರು ಮನೆಯಲ್ಲಿ ಅಥವಾ ಕ್ಷೇತ್ರದಲ್ಲಿ ನಡೆಸುವ ಸಾಮೂಹಿಕ ಪೂಜೆ ಹರಿಸೇವೆ. ಶ್ರಾವಣ ಶನಿವಾರಗಳು ಇದಕ್ಕೆ ಪ್ರಶಸ್ತ. ಪೂಜೆಯ ಹೊಣೆ ದಾಸಯ್ಯನದು. ಶಂಖ, ಜಾಗಟೆ, ಭವನಾಸಿ ಎಂಬ ಭಿಕ್ಷಾಪಾತ್ರೆ ಹಾಗೂ ‘ಗರುಡಗಂಬ’ವೆಂಬ ಕೈದೀಪ ಅವನ ಲಾಂಛನಗಳು. ಬಂಧುಗಳು ಮತ್ತು ನೆರೆಯವರಿಗೆ ಅನ್ನಸಂತರ್ಪಣೆಯಾದ ಮೇಲೆಯೇ ಸೇವೆ ಪೂರ್ಣವಾಗುತ್ತದೆ.

ಊರಹಬ್ಬ ನಡೆಯುವ ಬಗೆ

ಗ್ರಾಮದೇವತೆ ಊರಿನ ಬೆಳೆ, ಮಳೆ ಮತ್ತು ಆರೋಗ್ಯವನ್ನು ಕಾಯುವಳೆಂಬುದು ನಂಬಿಕೆ. ಹಿರಿಯರು ಸೇರಿ ಅವಳ ಹಬ್ಬಕ್ಕೆ ದಿನ ಗೊತ್ತುಮಾಡಿ, ಸಾರು ಹಾಕಿಸಿ ಊರಿಗೆ ತಿಳಿಸುತ್ತಾರೆ. ಮನೆಮನೆಯಿಂದ ವಂತಿಗೆ ಸಂಗ್ರಹವಾಗುತ್ತದೆ. ಮದುವೆಯಾಗಿ ಹೋದ ಹೆಣ್ಣುಮಕ್ಕಳು ತವರಿಗೆ ಬರುತ್ತಾರೆ. ಹೆಂಗಸರು ಅಕ್ಕಿಹಿಟ್ಟು ಮತ್ತು ಬೆಲ್ಲದ ತಂಬಿಟ್ಟಿನ ಮೇಲೆ ದೀಪವಿರಿಸಿ, ಆರತಿಯನ್ನು ತಲೆಯ ಮೇಲೆ ಹೊತ್ತು ಗುಡಿಗೆ ತರುತ್ತಾರೆ. ಕೆಲವು ಊರುಗಳಲ್ಲಿ ಭಕ್ತರು ಕೆಂಡದ ಕೊಂಡ ಹಾಯುತ್ತಾರೆ.

ಕಲೆಗಳೂ ಪೂಜೆಯ ಅಂಗಗಳೇ. ಪೂಜಾಕುಣಿತದಲ್ಲಿ ದೇವಿಯ ಅಲಂಕೃತ ಬಿದಿರಿನ ಚೌಕಟ್ಟನ್ನು ತಲೆಯ ಮೇಲೆ ಹೊರುತ್ತಾರೆ. ಪಟಕುಣಿತದಲ್ಲಿ ಬಣ್ಣದ ಬಟ್ಟೆ ಸುತ್ತಿದ ಉದ್ದನೆಯ ಬಿದಿರನ್ನು ಎತ್ತಿ ಕುಣಿಯುತ್ತಾರೆ. ಸೋಮನ ಕುಣಿತದಲ್ಲಿ ಮರದ ದೊಡ್ಡ ಮುಖವಾಡಗಳು ದೇವಿಯ ಪರಿವಾರವನ್ನು ಪ್ರತಿನಿಧಿಸುತ್ತವೆ.

ಇಂದಿನ ಸ್ವರೂಪ

ಉದ್ಯೋಗಕ್ಕಾಗಿ ಬೆಂಗಳೂರಿಗೂ ವಿದೇಶಗಳಿಗೂ ಹೋದವರನ್ನು ಮನೆದೇವರ ಸಂಬಂಧ ಮತ್ತೆ ಊರಿಗೆ ಕರೆತರುತ್ತದೆ. ವಿದೇಶಗಳಲ್ಲಿ ಜನರನ್ನು ಬೆಸೆಯುವ ಬಗೆ ಬೇರೆ. 2021ರ ಜನಗಣತಿಯಂತೆ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸುಮಾರು 10 ಲಕ್ಷ ಹಿಂದೂಗಳಿದ್ದರು. ಅಲ್ಲಿನ ಅನೇಕ ಮಂದಿರಗಳು ಬೇರೆಬೇರೆ ಪ್ರಾಂತಗಳ ದೇವರುಗಳನ್ನು ಒಂದೇ ಸೂರಿನಡಿ ಪ್ರತಿಷ್ಠಾಪಿಸಿ, ಅಪರಿಚಿತರನ್ನು ಸಮುದಾಯವಾಗಿ ಬೆಸೆದಿವೆ. ಕುದೂರು ಸೀಮೆಯಲ್ಲಿ ಆ ಕೆಲಸವನ್ನು ಒಕ್ಕಲು ಮತ್ತು ಊರಹಬ್ಬ ಮಾಡುತ್ತಿವೆ.

ಸಿದ್ಧಗಂಗಾ ಮಠದ ದಾಸೋಹವನ್ನು ಬೆಳೆಸಿದ ಶಿವಕುಮಾರ ಸ್ವಾಮೀಜಿ 1907ರಲ್ಲಿ ಜನಿಸಿದ್ದು ಇದೇ ತಾಲ್ಲೂಕಿನ ವೀರಾಪುರದಲ್ಲಿ. ಜಾತಿಭೇದವಿಲ್ಲದೆ ಅನ್ನ ಮತ್ತು ಅಕ್ಷರ ನೀಡಿದ ಆ ಮಾದರಿ ಊರಹಬ್ಬಗಳಿಗೂ ಅನ್ವಯಿಸಬೇಕು. ತಮಟೆ ಬಾರಿಸುವವರಿಗೂ ಆರತಿ ಬೆಳಗುವವರಿಗೂ ಗುಡಿಯೊಳಗೆ ಸಮಾನ ಸ್ಥಾನ ದೊರೆತಾಗಲೇ ಊರಹಬ್ಬ ಇಡೀ ಊರಿನ ಹಬ್ಬವಾಗುತ್ತದೆ.