ನಾಮಸಾಮ್ಯದ ತೊಡಕು: ನಾಯಿಗಳ ಉಣ್ಣಿಜ್ವರದ ಚರಿತ್ರೆಯಲ್ಲಿ ವಂಶವಾಹಿಯ ಸಾಕ್ಷ್ಯ

ನಾಮಸಾಮ್ಯವನ್ನೇ ನಂಬಿ ಇಬ್ಬರು ಅರಸರನ್ನು ಒಬ್ಬನೆಂದು ಎಣಿಸಿದಲ್ಲಿ ವಂಶಾವಳಿಯೆಲ್ಲ ತೊಡಕಾಗುವುದೆಂಬುದು ಶಾಸನಗಳನ್ನು ಅಭ್ಯಸಿಸಿದವರಿಗೆ ಹೊಸ ಮಾತಲ್ಲ. ರೋಗಗಳ ಚರಿತ್ರೆಯಲ್ಲಿಯೂ ಇಂಥ ತೊಡಕುಂಟು. ಉಣ್ಣಿಯ ಕಡಿತದಿಂದ ನಾಯಿಯ ರಕ್ತವನ್ನು ಸೇರಿ ಕೆಂಪು ರಕ್ತಕಣಗಳನ್ನು ನಾಶಮಾಡುವ ಬಬೀಸಿಯಾ ಗಿಬ್ಸೋನಿ ಎಂಬ ಪರೋಪಜೀವಿಯ ವೃತ್ತಾಂತವು ಇದಕ್ಕೆ ಉತ್ತಮ ನಿದರ್ಶನ.

೧೮೯೫ರಲ್ಲಿ ಇಟಲಿಯ ಪಿಯಾನಾ ಮತ್ತು ಗಾಲ್ಲಿ-ವಲೇರಿಯೊ ಎಂಬವರು ನಾಯಿಗಳ ರಕ್ತದಲ್ಲಿ ಈ ವರ್ಗದ ಜೀವಿಯೊಂದನ್ನು ವರದಿಮಾಡಿದರು. ಅದೇ ಮುಂದೆ ಬಬೀಸಿಯಾ ಕ್ಯಾನಿಸ್ ಎನಿಸಿತು. ಅದು ಗಾತ್ರದಲ್ಲಿ ದೊಡ್ಡದು. ರಕ್ತಕಣದೊಳಗೆ ಹನಿಯಾಕಾರದ ಜೋಡಿಯಾಗಿ ಕಾಣುವಂಥದು. ೧೯೧೦ರಲ್ಲಿ ಡಬ್ಲ್ಯು. ಎಸ್. ಪ್ಯಾಟನ್ನರು ಮದರಾಸಿನ ಬೇಟೆನಾಯಿಗಳಲ್ಲಿ, ಬಳಿಕ ಗುಳ್ಳೆನರಿಯಲ್ಲಿ, ಇದಕ್ಕಿಂತ ಚಿಕ್ಕದಾದ, ಬಹುಮಟ್ಟಿಗೆ ಉಂಗುರದಂತಿರುವ ಜೀವಿಯನ್ನು ಕಂಡು ಅದಕ್ಕೆ ಗಿಬ್ಸೋನಿ ಎಂಬ ಹೆಸರನ್ನಿತ್ತರು. ಕಾಲಕ್ರಮದಲ್ಲಿ, ಸೂಕ್ಷ್ಮದರ್ಶಕದಡಿ ದೊಡ್ಡದು ಕಂಡರೆ ಕ್ಯಾನಿಸ್, ಚಿಕ್ಕದು ಕಂಡರೆ ಗಿಬ್ಸೋನಿ ಎಂದು ಬರೆಯುವ ವಾಡಿಕೆ ನೆಲೆನಿಂತಿತು.

೧೯೯೧ರಲ್ಲಿ ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯದ ನಾಯಿಗಳಲ್ಲಿ ರಕ್ತಹೀನತೆಯನ್ನುಂಟುಮಾಡಿದ ಚಿಕ್ಕ ಜೀವಿಯೊಂದು ವರದಿಯಾದಾಗ ಅದಕ್ಕೂ ಗಿಬ್ಸೋನಿ ಎಂಬ ಹೆಸರೇ ಬಂದಿತು. ಹೆಸರನ್ನು ಒಪ್ಪಿದರೆ, ಏಷ್ಯಾದ ರೋಗವೊಂದು ಸಾಗರವನ್ನು ದಾಟಿ ಅಲ್ಲಿಗೆ ಬಂದಿತೆಂಬ ಕಥೆಯನ್ನೂ ಒಪ್ಪಿದಂತಾಗುತ್ತದೆ.

ಈ ಕಥೆಯನ್ನು ಪರೀಕ್ಷಿಸುವ ಸಾಧನ ಅಷ್ಟರಲ್ಲಿ ಸಿದ್ಧವಾಗಿತ್ತು. ೧೯೭೭ರಲ್ಲಿ ಫ್ರೆಡರಿಕ್ ಸ್ಯಾಂಗರ್ ಮತ್ತು ಸಂಗಡಿಗರು ಡಿ.ಎನ್.ಎ.ಯ ಅಕ್ಷರಕ್ರಮವನ್ನು ಓದುವ ವಿಧಾನವೊಂದನ್ನು ಪ್ರಕಟಿಸಿದ್ದರು. ೧೯೮೩ರಲ್ಲಿ ಕೇರಿ ಮುಲ್ಲಿಸ್ ಕಲ್ಪಿಸಿದ ಪಿ.ಸಿ.ಆರ್. ವಿಧಾನದಿಂದ, ರಕ್ತದಲ್ಲಿರುವ ಅತ್ಯಲ್ಪ ಡಿ.ಎನ್.ಎ.ಯನ್ನೂ ಓದಲು ಸಾಲುವಷ್ಟು ಪ್ರತಿಗಳಾಗಿ ಹೆಚ್ಚಿಸಿಕೊಳ್ಳಬಹುದಾಗಿತ್ತು. ೧೮ಎಸ್ ಎಂಬ ವಂಶವಾಹಿಯು ಈ ವರ್ಗದ ಜೀವಿಗಳೆಲ್ಲದರಲ್ಲಿಯೂ ಉಂಟು; ಅದರ ಕೆಲವು ಭಾಗಗಳು ಎಲ್ಲಕ್ಕೂ ಸಮಾನ, ಕೆಲವು ಜಾತಿಜಾತಿಗೆ ಭಿನ್ನ. ಸಮಾನ ಭಾಗಗಳನ್ನು ಹಿಡಿದು ಪ್ರತಿಗಳನ್ನು ತೆಗೆಯುವುದು, ಭಿನ್ನ ಭಾಗಗಳನ್ನು ಓದಿ ಹೋಲಿಸುವುದು, ಇದೇ ಇಲ್ಲಿಯ ಕ್ರಮ. ಪಾಠಾಂತರಗಳಿಂದ ಓಲೆಪ್ರತಿಗಳ ಸಂಬಂಧವನ್ನು ನಿರ್ಣಯಿಸುವ ಗ್ರಂಥಸಂಪಾದಕನ ಕಾರ್ಯಕ್ಕೆ ಇದು ಸಮೀಪವಾದುದು.

೨೦೦೦ದಲ್ಲಿ ಪ್ರಕಟವಾದ ಹೋಲಿಕೆಗಳಿಂದ, ಕ್ಯಾಲಿಫೋರ್ನಿಯದ ಜೀವಿಯು ಏಷ್ಯಾದ ಗಿಬ್ಸೋನಿಯಲ್ಲವೆಂದೂ, ವನ್ಯಮೃಗಗಳಲ್ಲಿಯೂ ಮನುಷ್ಯರಲ್ಲಿಯೂ ದೊರೆತಿದ್ದ ಬೇರೆ ಕೆಲವು ಜೀವಿಗಳಿಗೆ ಹತ್ತಿರದ್ದೆಂದೂ ತಿಳಿಯಿತು. ೨೦೦೬ರಲ್ಲಿ ಅದಕ್ಕೆ ಬಬೀಸಿಯಾ ಕಾನ್ರಾಡೇ ಎಂಬ ಹೊಸ ಹೆಸರಾಯಿತು. ಹಾಗೆಂದು ಸಾಗರವನ್ನು ದಾಟಿದ ಕಥೆ ಪೂರ್ಣವಾಗಿ ಸುಳ್ಳೂ ಅಲ್ಲ. ಅಮೆರಿಕದ ಆಗ್ನೇಯ ಭಾಗದ ನಾಯಿಗಳಲ್ಲಿ ಏಷ್ಯಾದ ಜಾತಿಯೇ ಇರುವುದನ್ನು ಅದೇ ವಿಧಾನವು ತೋರಿಸಿಕೊಟ್ಟಿತು.

ಹೊಸ ವಿಧಾನವು ಹಳೆಯ ದಾಖಲೆಗಳನ್ನು ನಿರರ್ಥಕಗೊಳಿಸುವುದಿಲ್ಲ. ಪ್ಯಾಟನ್ನರು ಮದರಾಸಿನ ಜೀವಿಗೆ ಕೊಟ್ಟ ಹೆಸರು ಇಂದಿಗೂ ನಿಂತಿದೆ. ತೊಡಕು ಬಂದುದು ಆ ಹೆಸರನ್ನು ನೋಟಮಾತ್ರದಿಂದ ಬೇರೆಡೆಗೆ ಒಯ್ದುದರಿಂದ. ಆದುದರಿಂದ ಹಿಂದಿನ ವರದಿಗಳಲ್ಲಿ ಗಿಬ್ಸೋನಿ ಎಂಬ ಹೆಸರನ್ನು ಓದುವಾಗ, ಅದು ಸೂಕ್ಷ್ಮದರ್ಶಕದ ನೋಟದಿಂದ ಬಂದುದೋ ವಂಶವಾಹಿಯ ಓದಿನಿಂದ ಬಂದುದೋ ಎಂಬುದನ್ನು ಮೊದಲು ವಿಚಾರಿಸಬೇಕು. ಮರುಪರೀಕ್ಷೆಗೆ ರಕ್ತದ ಮಾದರಿಯೇ ಉಳಿದಿಲ್ಲದಿದ್ದಲ್ಲಿ, ‘ಚಿಕ್ಕ ಬಬೀಸಿಯಾ’ ಎಂದಷ್ಟೇ ಹೇಳಿ ನಿಲ್ಲುವುದು ಚರಿತ್ರಕಾರನಿಗೆ ಯುಕ್ತವಾದುದು.