ದಾರಿಹೋಕರಿಗಾಗಿ ನೆಟ್ಟ ಕಲ್ಲುಗಳು



ಧರ್ಮಪುರಿಯ ಇತಿಹಾಸ ಎಂದ ಕೂಡಲೇ ನಮ್ಮ ಮಕ್ಕಳಿಗೆ ನೆನಪಾಗುವುದು ನೆಲ್ಲಿಕಾಯಿಯ ಕಥೆ. ಸಂಗಂ ಕಾಲದಲ್ಲಿ ತಗಡೂರು ಎನಿಸಿಕೊಂಡಿದ್ದ ಈ ಊರನ್ನು ಅದಿಯಮಾನ್ ನೆಡುಮಾನ್ ಅಂಜಿ ಎಂಬ ಅರಸ ಆಳುತ್ತಿದ್ದ. ಆಯುಷ್ಯ ಹೆಚ್ಚಿಸುವ ಅಪರೂಪದ ನೆಲ್ಲಿಕಾಯಿ ಸಿಕ್ಕಾಗ ತಾನು ತಿನ್ನದೆ ಕವಯಿತ್ರಿ ಔವೈಯಾರ್ ಅವರಿಗೆ ಕೊಟ್ಟನಂತೆ.

ಕಥೆ ಚೆನ್ನಾಗಿದೆ. ಆದರೆ ಅರಸ ಕೊಟ್ಟದ್ದು ನಾಡೆಲ್ಲ ಬಲ್ಲ ಕವಯಿತ್ರಿಗೆ. ಹೆಸರು ಗೊತ್ತಿಲ್ಲದ, ಮತ್ತೆಂದೂ ಕಾಣದ ದಾರಿಹೋಕರಿಗೆ ಯಾರು ಏನು ಕೊಟ್ಟರು? ಇದನ್ನು ಪಾಠಪುಸ್ತಕಗಳು ಹೇಳುವುದು ಕಡಿಮೆ. ನಮ್ಮ ಸೀಮೆಯ ಕಲ್ಲುಗಳು ಹೇಳುತ್ತವೆ.

ಕಲ್ಲಿನ ವಿಷಯಕ್ಕೆ ಬರುವ ಮೊದಲು ನಮ್ಮದೇ ಒಂದು ಅನುಭವ ಹೇಳಿಬಿಡುತ್ತೇವೆ. ನಾವು ಕೆಲಸಕ್ಕೆ ಸೇರಿದ ಹೊಸತು. ಆಗ ಹೊಸೂರು ಕಡೆಯ ನಮ್ಮ ಊರುಗಳೆಲ್ಲ ಧರ್ಮಪುರಿ ಜಿಲ್ಲೆಗೇ ಸೇರಿದ್ದವು. ಕೃಷ್ಣಗಿರಿ ಬೇರೆ ಜಿಲ್ಲೆಯಾದದ್ದು 2004ರ ಫೆಬ್ರವರಿಯಲ್ಲಿ. ಒಮ್ಮೆ ಪೆನ್ನಾಗರಕ್ಕೆ ಹೋಗಬೇಕಾಗಿ ಧರ್ಮಪುರಿ ಬಸ್ ನಿಲ್ದಾಣದಲ್ಲಿ ಇಳಿದೆವು. ಬೋರ್ಡುಗಳೆಲ್ಲ ತಮಿಳಿನಲ್ಲಿ. ಮಾತಾಡಲು ಅಷ್ಟಿಷ್ಟು ಬರುತ್ತಿತ್ತು, ಓದಲು ಒಂದಕ್ಷರವೂ ಬರುತ್ತಿರಲಿಲ್ಲ. ಟಿ.ಸಿ.ಎಚ್. ಮುಗಿಸಿ, ಬಿ.ಎ. ಮಾಡಿ, ಮಕ್ಕಳಿಗೆ ಅಕ್ಷರ ಕಲಿಸುವ ನಾವು ಅಲ್ಲಿ ಅನಕ್ಷರಸ್ಥರು! ಕೇಳಲು ನಾಚಿಕೆ. ಎರಡು ಬಸ್ಸು ಕಣ್ಣೆದುರೇ ಹೋದವು.

ಹೂ ಮಾರುತ್ತಿದ್ದ ಒಬ್ಬ ಅಮ್ಮ ನಮ್ಮನ್ನು ಗಮನಿಸುತ್ತಿದ್ದರು. "ಎಂಗೆ ಪೋಗಣುಂ ಸಾರ್?" ಎಂದರು. ಹೇಳಿದೆವು. ಹೂವಿನ ಬುಟ್ಟಿಯನ್ನು ಪಕ್ಕದವರಿಗೆ ಒಪ್ಪಿಸಿ, ಬಸ್ಸಿನವರೆಗೂ ಬಂದು ಹತ್ತಿಸಿ, ಎಲ್ಲಿ ಇಳಿಸಬೇಕೆಂದು ಕಂಡಕ್ಟರಿಗೆ ಹೇಳಿದರು. "ಬೋರ್ಡು ಓದಲು ನನಗೂ ಬರಲ್ಲ ಸಾರ್, ಗಾಡಿ ಗುರುತು ಗೊತ್ತು ಅಷ್ಟೇ" ಎಂದು ತಮಿಳಿನಲ್ಲಿ ಹೇಳಿ ನಕ್ಕರು. ಅವರ ಹೆಸರು ನಾವು ಕೇಳಲಿಲ್ಲ. ನಮ್ಮ ಹೆಸರು ಅವರೂ ಕೇಳಲಿಲ್ಲ.

ಎಷ್ಟೋ ವರ್ಷಗಳ ಮೇಲೆ 'ಅದಿಯಮಾನ್ ಪೆರುವಳಿ'ಯ ಮೈಲಿಗಲ್ಲಿನ ಬಗ್ಗೆ ಓದಿದಾಗ ಆ ಅಮ್ಮನೇ ನೆನಪಾದರು. ಪೆರುವಳಿ ಎಂದರೆ ಹೆದ್ದಾರಿ. ಧರ್ಮಪುರಿ ಸೀಮೆಯಲ್ಲಿ ಸಿಕ್ಕ ಈ ಕಲ್ಲು ಸುಮಾರು 13ನೇ ಶತಮಾನದ್ದು. ನಾವಲ್‌ತಾವಳಂ ಎಂಬ ಊರಿಗೆ 29 ಕಾದಂ ಎಂದು ಅದರಲ್ಲಿ ಬರೆದಿದೆ. ಕಾದಂ ಎಂದರೆ ನಮ್ಮ ಗಾವುದದ ಹಾಗೆ ದೂರದ ಒಂದು ಹಳೆಯ ಅಳತೆ. ವಿಶೇಷ ಇರುವುದು ಬರಹದ ಕೆಳಗೆ. ಅಲ್ಲಿ ಎರಡು ದೊಡ್ಡ ಕುಳಿ, ಒಂಬತ್ತು ಚಿಕ್ಕ ಕುಳಿ ಕೊರೆದಿದ್ದಾರೆ. ದೊಡ್ಡದು ಹತ್ತು, ಚಿಕ್ಕದು ಒಂದು. ಕೂಡಿಸಿದರೆ 29! ಓದು ಬಾರದವರೂ ಬೆರಳಿನಿಂದ ಮುಟ್ಟಿ ದೂರ ತಿಳಿಯಬಹುದು. ಕತ್ತಲಲ್ಲೂ ತಿಳಿಯಬಹುದು.

ಈ ದಾರಿಗಳಲ್ಲಿ ಒಂದೇ ಮಾತಿನ ಜನ ಓಡಾಡಲಿಲ್ಲ ಎಂಬುದನ್ನೂ ನೆನೆಯಬೇಕು. 9ನೇ ಶತಮಾನದ ಕೊನೆಯಲ್ಲಿ ಇಲ್ಲಿ ನೊಳಂಬರ ಆಳ್ವಿಕೆ ಇತ್ತು. ನೊಳಂಬ ದೊರೆ ಮಹೇಂದ್ರನ ಕಾಲದ ಕನ್ನಡ ಶಾಸನ ಧರ್ಮಪುರಿಯಲ್ಲೇ ಸಿಕ್ಕಿದೆ. ಬಹಳ ಮುಂದೆ, ಬಾರಾಮಹಲ್ ಮತ್ತು ಸೇಲಂ ಸೀಮೆ ಮೈಸೂರಿನ ಆಡಳಿತಕ್ಕೆ ಬಂದವು. 1792ರ ಶ್ರೀರಂಗಪಟ್ಟಣ ಒಪ್ಪಂದದಲ್ಲಿ ಟಿಪ್ಪು ಇವನ್ನು ಇಂಗ್ಲಿಷರಿಗೆ ಬಿಟ್ಟುಕೊಡಬೇಕಾಯಿತು. ಹೀಗೆ ಅರಸರು ಬದಲಾದರು, ಲಿಪಿಗಳು ಬದಲಾದವು. ಆ ಕುಳಿಗಳಿಗೆ ಮಾತ್ರ ಯಾವ ಲಿಪಿಯೂ ಬೇಕಾಗಿರಲಿಲ್ಲ.

ಇನ್ನೊಂದು ಬಗೆಯ ಕಲ್ಲು ಸೇಲಂ, ಧರ್ಮಪುರಿಯ ಹಳೆಯ ದಾರಿಗಳ ಪಕ್ಕದಲ್ಲಿ ಇಂದಿಗೂ ಅಲ್ಲಲ್ಲಿ ಉಳಿದಿದೆ. ಎರಡು ಕಂಬದ ಕಲ್ಲು ನೆಟ್ಟು, ಮೇಲೊಂದು ಉದ್ದ ಚಪ್ಪಡಿ ಅಡ್ಡ ಇಟ್ಟಿರುತ್ತಾರೆ. ತಮಿಳಿನಲ್ಲಿ ಇದು 'ಸುಮೈತಾಂಗಿ', ಅಂದರೆ ಹೊರೆ ತಾಳುವ ಕಲ್ಲು. ತಲೆಹೊರೆ ಹೊತ್ತವರು ಅದನ್ನು ನೆಲಕ್ಕೆ ಇಳಿಸಿದರೆ ಮತ್ತೆ ಎತ್ತಿಕೊಡಲು ಇನ್ನೊಬ್ಬರು ಬೇಕು. ಎದೆಯೆತ್ತರದ ಈ ಚಪ್ಪಡಿಯ ಮೇಲೆ ಇಳಿಸಿದರೆ ಒಬ್ಬರೇ ಇಳಿಸಿ, ಒಬ್ಬರೇ ಹೊತ್ತುಕೊಳ್ಳಬಹುದು. ಅಂದರೆ ಸಹಾಯಕ್ಕೆ ಯಾರೂ ಇಲ್ಲದ ಹೊತ್ತಿನಲ್ಲಿ ಆ ಕಲ್ಲೇ ಎರಡನೆಯ ಆಳು! ಬಸುರಿಯಾಗಿದ್ದಾಗಲೇ ತೀರಿಕೊಂಡ ಹೆಣ್ಣುಮಗಳ ನೆನಪಿಗೆ ಮನೆಯವರು ಇಂಥ ಕಲ್ಲು ನಿಲ್ಲಿಸುತ್ತಿದ್ದರು. ಅವಳು ಇಳಿಸಲಾಗದ ಹೊರೆಯನ್ನು ಬೇರೆಯವರಾದರೂ ಇಳಿಸಲಿ ಎಂಬುದು ನಂಬಿಕೆ. ತಮ್ಮ ಮನೆಯ ದುಃಖವನ್ನು ಅಪರಿಚಿತರ ಅನುಕೂಲವಾಗಿ ಮಾಡಿದ ಆ ಜನ ಎಂಥವರಿರಬೇಕು, ಯೋಚಿಸಿ.

ಮೂರನೆಯದು ನೀರು. ಬೇಸಿಗೆಯಲ್ಲಿ ಚಪ್ಪರ ಹಾಕಿ, ಮಡಕೆಯಲ್ಲಿ ನೀರಿಟ್ಟು ದಾರಿಹೋಕರಿಗೆ ಕೊಡುವುದನ್ನು ಇಲ್ಲಿ 'ತಣ್ಣೀರ್ ಪಂದಲ್' ಎನ್ನುತ್ತಾರೆ. ನಮ್ಮ ಕನ್ನಡದಲ್ಲಿ ಅದು ಅರವಟ್ಟಿಗೆ. ಹಳಗನ್ನಡದಲ್ಲಿ 'ಅಱ' ಎಂದರೆ ಧರ್ಮ, ತಮಿಳಿನ 'ಅಱಂ' ಕೂಡ ಅದೇ. ಎರಡು ಭಾಷೆಯವರೂ ಬಾಯಾರಿದವರಿಗೆ ನೀರು ಕೊಡುವುದನ್ನು ಧರ್ಮವೆಂದೇ ತಿಳಿದರು. ಈಗಲೂ ಏಪ್ರಿಲ್, ಮೇ ತಿಂಗಳಲ್ಲಿ ಸೇಲಂನ ರಸ್ತೆಬದಿಗಳಲ್ಲಿ ನೀರು, ಮಜ್ಜಿಗೆಯ ಪಂದಲ್‌ಗಳು ಏಳುತ್ತವೆ. ನಾಯಕರ ದೊಡ್ಡ ಚಿತ್ರಗಳೂ ಜೊತೆಗಿರುತ್ತವೆ, ಇರಲಿ ಬಿಡಿ. ಮಜ್ಜಿಗೆ ತಂಪಾಗಿರುತ್ತದಲ್ಲ!

ಹಾಗಾದರೆ ಇಂದಿನ ಹೆದ್ದಾರಿಯಲ್ಲಿ? ಧರ್ಮಪುರಿಯಿಂದ ಸೇಲಂಗೆ ಹೋಗುವಾಗ ಸಿಗುವ ತೊಪ್ಪೂರು ಘಾಟಿ ಅಪಘಾತಗಳಿಗೆ ಹೆಸರಾದ ಜಾಗ. ಗಾಯಗೊಂಡವರನ್ನು ಆಸ್ಪತ್ರೆಗೆ ಸೇರಿಸಿದರೆ ಪೊಲೀಸು, ಕೋರ್ಟು ಎಂದು ಅಲೆಯಬೇಕಾದೀತು ಎಂಬ ಹೆದರಿಕೆ ನಮ್ಮ ಪೋಷಕರಲ್ಲಿ ಅನೇಕರಿಗೆ ಇನ್ನೂ ಇದೆ. ದಯವಿಟ್ಟು ಗಮನಿಸಿ: 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯು 134ಎ ಎಂಬ ಕಲಮನ್ನು ಸೇರಿಸಿ, ಒಳ್ಳೆಯ ಮನಸ್ಸಿನಿಂದ ನೆರವಾದವರಿಗೆ ರಕ್ಷಣೆ ಕೊಟ್ಟಿದೆ. ಹೆಸರು, ವಿಳಾಸ ಹೇಳಲೇಬೇಕೆಂದು ಅವರನ್ನು ಒತ್ತಾಯಿಸುವಂತಿಲ್ಲ. ಹೆಸರು ಹೇಳದೆ ಉಪಕಾರ ಮಾಡಿ ಹೋಗುವುದು ಈ ದಾರಿಯ ಹಳೆಯ ಪದ್ಧತಿಯೇ ತಾನೆ?

ಮೊನ್ನೆ ತರಗತಿಯಲ್ಲಿ ಏನೂ ಹೇಳದೆ ಕಪ್ಪುಹಲಗೆಯ ಮೇಲೆ ಎರಡು ದೊಡ್ಡ ಸೊನ್ನೆ, ಒಂಬತ್ತು ಚಿಕ್ಕ ಸೊನ್ನೆ ಬರೆದೆವು. ಇದು ಎಷ್ಟು ಎಂದು ಕೇಳಿದೆವು. ಎಲ್ಲರೂ "ಹನ್ನೊಂದು" ಎಂದು ಕೂಗಿದರು. ಓದುವುದರಲ್ಲಿ ಸದಾ ಹಿಂದೆ ಬೀಳುವ ಹುಡುಗಿಯೊಬ್ಬಳು ಮಾತ್ರ ಸ್ವಲ್ಪ ಹೊತ್ತು ನೋಡಿ, "ದೊಡ್ಡದಕ್ಕೆ ಹತ್ತು ಇರಬೇಕು ಸಾರ್" ಎಂದಳು.

ನಿಮ್ಮ ಊರಿನ ದಾರಿಯಲ್ಲೂ ಇಂಥ ಕಲ್ಲುಗಳಿದ್ದರೆ ಮಕ್ಕಳನ್ನು ಕರೆದೊಯ್ದು ತೋರಿಸಿ. ಅದರ ಕಥೆಯನ್ನು ಊರಿನ ಅಜ್ಜಿಯರನ್ನು ಕೇಳಿ ಬರೆದಿಡಿ.