ಮೊದಲು ದಾರಿ, ಆಮೇಲೆ ಕಲ್ಲು

ಒಂದು ದೃಶ್ಯ ನೆನಪು ಮಾಡಿಕೊಳ್ಳಿ. 2018ರ ಡಿಸೆಂಬರ್. ತಮಿಳುನಾಡಿನ ವಂದವಾಸಿ ಹತ್ತಿರದ ಕೊರಕೋಟೈ ಹಳ್ಳಿಯಿಂದ ಒಂದು ವಾಹನ ಹೊರಟಿತು. ಅದಕ್ಕೆ 240 ಟೈರು. ಮೇಲೆ ಅರ್ಧ ಕೆತ್ತಿದ ಏಕಶಿಲೆಯ ವಿಷ್ಣು. ತೂಕ ಸುಮಾರು 350 ಟನ್. ಹೋಗಬೇಕಾದ ಜಾಗ ನಮ್ಮ ಬೆಂಗಳೂರಿನ ಈಜಿಪುರದ ಕೋದಂಡರಾಮಸ್ವಾಮಿ ದೇವಸ್ಥಾನ. ಬಸ್ ಹತ್ತಿದರೆ ಒಂದು ಹಗಲಿನ ದಾರಿ. ಆ ಕಲ್ಲಿಗೆ ಹಿಡಿದದ್ದು ಎಷ್ಟು ಗೊತ್ತಾ? ಸುಮಾರು ಆರು ತಿಂಗಳು.

ಟಿವಿಯಲ್ಲಿ ನೀವೆಲ್ಲ ನೋಡಿದ್ದೀರಿ. ಟೈರುಗಳು ಸಿಡಿದವು. ಮಣ್ಣಿನ ರಸ್ತೆಯಲ್ಲಿ ಗಾಲಿ ಹೂತುಹೋಯಿತು. ಊರೊಳಗೆ ವಾಹನ ಹಿಡಿಸಲಿಲ್ಲ ಅಂತ ಮನೆ, ಅಂಗಡಿಗಳ ಮುಂಭಾಗ ಒಡೆಯಬೇಕಾಯಿತು. ಸೇತುವೆ ಈ ಭಾರ ತಡೆಯುತ್ತದೋ ಇಲ್ಲವೋ ಅನ್ನೋ ಅನುಮಾನ ಬಂದ ಕಡೆ ನದಿಗೆ ತಾತ್ಕಾಲಿಕ ದಾರಿ ಮಾಡಿ ದಾಟಿಸಿದರು. ಮೂರ್ತಿ ಬೆಂಗಳೂರು ಮುಟ್ಟುವ ಹೊತ್ತಿಗೆ 2019ರ ಜೂನ್.

ಕೆಲವರು ಪವಾಡ ಅಂದರು, ಕೆಲವರು ಅಪಶಕುನ ಅಂದರು. ನಾನು ಎರಡನ್ನೂ ಬದಿಗಿಟ್ಟು ಲೆಕ್ಕ ಹಾಕ್ತೀನಿ. 350 ಟನ್ನನ್ನು 240 ಟೈರಿಗೆ ಹಂಚಿದರೆ ಒಂದು ಟೈರಿನ ಪಾಲಿಗೆ ಕಲ್ಲಿನ ಭಾರ ಒಂದೂವರೆ ಟನ್. ವಾಹನದ ಸ್ವಂತ ತೂಕ ಅದರ ಮೇಲೆ. ಇದೇನೂ ಭಯಂಕರ ಲೆಕ್ಕವಲ್ಲ. ಹಾಗಾದರೆ ಯಾತ್ರೆ ನಿಂತದ್ದು ಎಲ್ಲಿ? ಉತ್ತರ ಇಲ್ಲಿದೆ. ರಸ್ತೆ ಕೇಳೋದು ಒಂದೊಂದು ಗಾಲಿಯ ಭಾರವನ್ನು. ಸೇತುವೆ ಕೇಳೋದು ತನ್ನ ಮೇಲೆ ಬಂದ ಇಡೀ ತೂಕವನ್ನು. ಊರಿನ ಬೀದಿ ಕೇಳೋದು ಅಗಲವನ್ನು, ತಿರುವು ಕೇಳೋದು ಉದ್ದವನ್ನು. ಟೈರು ಹೆಚ್ಚು ಮಾಡಿ ರಸ್ತೆಗೆ ಸಮಾಧಾನ ಹೇಳಬಹುದು. ಸೇತುವೆಗೂ ಬೀದಿಗೂ ಆ ಸಮಾಧಾನ ಸಾಲದು.

ಈ ಪಾಠ ಕನ್ನಡ ನಾಡಿಗೆ ಹೊಸದೇ? ಅಲ್ಲವೇ ಅಲ್ಲ.

ಸುಮಾರು ಕ್ರಿ.ಶ. 981ರಲ್ಲಿ ಚಾವುಂಡರಾಯ ಶ್ರವಣಬೆಳಗೊಳದಲ್ಲಿ 58 ಅಡಿಯ ಗೊಮ್ಮಟನನ್ನು ಮಾಡಿಸಿದ. ಬೆಟ್ಟದ ನೆತ್ತಿಯಲ್ಲಿದ್ದ ಬಂಡೆಯಲ್ಲೇ ಕೆತ್ತಿಸಿದ. ಸಾಗಿಸುವ ತಲೆನೋವೇ ಇಲ್ಲ. ಭಾರದ ಸಮಸ್ಯೆಗೆ ಅತ್ಯಂತ ಜಾಣ ಉತ್ತರ ಅದೇ: ಭಾರವನ್ನು ಎತ್ತಲೇಬೇಡ.

ಕಾರ್ಕಳದಲ್ಲಿ ಹಾಗಾಗಲಿಲ್ಲ. 1432ರಲ್ಲಿ ಭೈರರಸ ಮನೆತನದ ವೀರಪಾಂಡ್ಯ ಅಲ್ಲಿ 42 ಅಡಿಯ ಬಾಹುಬಲಿಯನ್ನು ನಿಲ್ಲಿಸಿದ. ಮೂರ್ತಿಯನ್ನು ಬೇರೆಡೆ ಕೆತ್ತಿ 20 ಗಾಲಿಯ ಬಂಡಿಯ ಮೇಲೆ ಬೆಟ್ಟಕ್ಕೆ ಎಳೆದು ತಂದರು ಅನ್ನೋ ವಿವರ ಹದಿನೇಳನೇ ಶತಮಾನದ ಚಂದ್ರಮ ಕವಿಯ ಕಾವ್ಯದಲ್ಲಿ ಬರುತ್ತದೆ. ಕವಿ ಹೇಳೋದು ನೂರಾರು ವರ್ಷ ಆದಮೇಲೆ, ನಿಜ. ಆದರೂ ನೋಡಿ, ಮೂರ್ತಿಯ ಚೆಲುವಿನ ಜೊತೆ ಬಂಡಿಯ ಗಾಲಿಯನ್ನೂ ಎಣಿಸಿ ಬರೆದಿಟ್ಟ ಕವಿ ನಮ್ಮವನು! ಗಾಲಿ ಎಷ್ಟು ಅನ್ನೋದೇ ಅಲ್ಲಿ ದೊಡ್ಡ ಪ್ರಶ್ನೆ ಅಂತ ಆಗಲೇ ಗೊತ್ತಿತ್ತು.

ಐದು ಶತಮಾನ ದಾಟಿ ಬನ್ನಿ. ಅದೇ ಕಾರ್ಕಳ. ಧರ್ಮಸ್ಥಳದ ರತ್ನವರ್ಮ ಹೆಗ್ಗಡೆಯವರ ಕಾಲದಲ್ಲಿ ಇನ್ನೊಂದು ಬಾಹುಬಲಿಯ ಕೆಲಸ ಶುರುವಾಯಿತು. ಶಿಲ್ಪಿ ರೆಂಜಾಳ ಗೋಪಾಲಕೃಷ್ಣ ಶೆಣೈ. ಎತ್ತರ 39 ಅಡಿ, ತೂಕ ಸುಮಾರು 170 ಟನ್. 1968ರಲ್ಲಿ ರತ್ನವರ್ಮ ಹೆಗ್ಗಡೆಯವರು ತೀರಿಕೊಂಡರು. 19ರ ಹರೆಯದ ವೀರೇಂದ್ರ ಹೆಗ್ಗಡೆಯವರ ಹೆಗಲಿಗೆ ಪಟ್ಟದ ಜೊತೆ ಈ ಕಲ್ಲೂ ಬಂತು. ಕೆತ್ತೋದು ಕಾರ್ಕಳದಲ್ಲಿ, ನಿಲ್ಲಿಸೋದು ಧರ್ಮಸ್ಥಳದ ರತ್ನಗಿರಿಯಲ್ಲಿ. ನಡುವೆ ದಕ್ಷಿಣ ಕನ್ನಡದ ಏರಿಳಿತ, ತಿರುವು, ಹೊಳೆ, ಮೋರಿ. ಮಳೆಗಾಲದಲ್ಲಿ ಆ ರಸ್ತೆಗಳ ಅವಸ್ಥೆ ಆ ಕಡೆಯವರನ್ನೇ ಕೇಳಿ!

1973ರಲ್ಲಿ 64 ಗಾಲಿಯ ಟ್ರಾಲಿಯ ಮೇಲೆ ಮೂರ್ತಿ ಮಲಗಿಕೊಂಡು ಹೊರಟಿತು. ಇಲ್ಲಿ ಗಾಲಿಯೊಂದಕ್ಕೆ ಎರಡೂವರೆ ಟನ್ನಿಗಿಂತ ಹೆಚ್ಚು. ಈಗಿನ ಈಜಿಪುರದ ವಾಹನಕ್ಕಿಂತ ಗಾಲಿಯ ಭಾರ ಜಾಸ್ತಿ, ರಸ್ತೆ ಆಗಿನ ಕಾಲದ್ದು. ಆದರೂ ಮುಟ್ಟಿತು, ಬೆಟ್ಟವನ್ನೂ ಏರಿತು. ಪ್ರತಿಷ್ಠೆ ಆದದ್ದು 1982ರಲ್ಲಿ. ಕೆತ್ತನೆ ಶುರುವಾದಲ್ಲಿಂದ ಹದಿನೈದು ವರ್ಷದ ಹತ್ತಿರ. ಒಂದು ತಲೆಮಾರು ಕಂಡ ಕನಸನ್ನು ಇನ್ನೊಂದು ತಲೆಮಾರು ಪೂರೈಸಿತು. ಕಲ್ಲಿನ ಕೆಲಸದಲ್ಲಿ ಕ್ಯಾಲೆಂಡರ್ ನಡೆಯಲ್ಲ, ತಾಳ್ಮೆ ನಡೆಯುತ್ತೆ.

ಈಗ ಇವತ್ತಿನ ಮಾತು. ನಮ್ಮ ಹೆದ್ದಾರಿಗಳಲ್ಲಿ ಈಗ ದೇವರ ಮೂರ್ತಿಗಿಂತ ಹೆಚ್ಚಾಗಿ ಓಡಾಡೋದು ಟ್ರಾನ್ಸ್‌ಫಾರ್ಮರ್, ಬಾಯ್ಲರ್, ಚಿತ್ರದುರ್ಗ, ಗದಗದ ಕಡೆ ಹೋಗೋ ಗಾಳಿಯಂತ್ರದ ರೆಕ್ಕೆ. 2018ರಲ್ಲಿ ಕೇಂದ್ರ ಸರ್ಕಾರ ಸಾಮಾನ್ಯ ಲಾರಿಗಳ ಗರಿಷ್ಠ ತೂಕವನ್ನು 49 ಟನ್ನಿನಿಂದ 55 ಟನ್ನಿಗೆ ಏರಿಸಿತು. ಅದನ್ನು ಮೀರಿದ್ದಕ್ಕೆ ವಿಶೇಷ ಅನುಮತಿ ಬೇಕು. ಅತಿಭಾರದ ವಾಹನ ಸೇತುವೆ ದಾಟುವ ಲೆಕ್ಕಾಚಾರದಲ್ಲಿ ಎಂಜಿನಿಯರುಗಳು ಹಾಕಿಕೊಂಡ ಷರತ್ತು ಕೇಳಿ: ಸೇತುವೆ ಮೇಲೆ ಅದೊಂದೇ ವಾಹನ ಇರಬೇಕು, ನಡುಮಧ್ಯದಲ್ಲೇ ಸಾಗಬೇಕು, ಗಂಟೆಗೆ 5 ಕಿಲೋಮೀಟರ್ ಮೀರಬಾರದು, ಬ್ರೇಕ್ ಒತ್ತಬಾರದು. ಮನುಷ್ಯ ನಡೆಯುವ ವೇಗ! ಹಿಂದೆ ನಿಂತು ಹಾರ್ನ್ ಹೊಡೆಯೋ ನಮಗೆ ಈ ವಿಷಯ ಗೊತ್ತಿರಬೇಕು.

ಯಾಕೆ ಇಷ್ಟು ಹೇಳ್ತಿದ್ದೀನಿ ಅಂದರೆ, 2024ರ ಡಿಸೆಂಬರ್ 21 ನನಗೆ ಮರೆಯೋಕೆ ಆಗ್ತಿಲ್ಲ. ನೆಲಮಂಗಲದ ಬಳಿ ಕಂಟೈನರ್ ಲಾರಿಯೊಂದು ಡಿವೈಡರ್ ಹಾರಿ ಕಾರಿನ ಮೇಲೆ ಮಗುಚಿತು. ಒಂದೇ ಕುಟುಂಬದ 6 ಜನ ಹೋದರು. ಅದು ದೈತ್ಯ ಸರಕೂ ಅಲ್ಲ, ದಿನಾ ನಾವು ನೋಡೋ ಲಾರಿ. ಯಾರ ತಪ್ಪು ಅನ್ನೋದನ್ನು ಕಾನೂನು ನೋಡಿಕೊಳ್ಳಲಿ. ತೂಕ ಮಾತ್ರ ಯಾರ ತಪ್ಪು ಅಂತ ಕೇಳೋದಿಲ್ಲ, ಎದುರಿಗಿದ್ದವರ ಮೇಲೆ ಬೀಳುತ್ತದೆ.

ಹಾಗಾಗಿ ಭಾರ ಹೊರಡಿಸುವವರಿಗೆ ನನ್ನದು ಒಂದೇ ಮಾತು. ಮೊದಲು ದಾರಿ ನಡೆದು ನೋಡಿ. ಸೇತುವೆ ಲೆಕ್ಕ ಹಾಕಿ, ತಿರುವು ಅಳೆಯಿರಿ, ಬದಿಯ ಮನೆಯವರ ಜೊತೆ ಮಾತಾಡಿ. ಕಲ್ಲು ಆಮೇಲೆ ಹೊರಡಲಿ. ಮತ್ತೆ ನಾವು? ಮುಂದೆ ಕೆಂಪು ಬಾವುಟ ಕಟ್ಟಿದ ಉದ್ದದ ವಾಹನ ಕಂಡರೆ, ಕೋಲಿನಲ್ಲಿ ಕರೆಂಟ್ ತಂತಿ ಎತ್ತಿ ಹಿಡಿದು ಜೊತೆಗೆ ನಡೆಯೋ ಆ ಹುಡುಗನನ್ನು ಒಮ್ಮೆ ನೋಡಿ. ಅವನ ಜೀವವೂ ಅದೇ ದಾರಿಯಲ್ಲಿದೆ. ಹಾರ್ನ್ ಬೇಡ. ಐದು ನಿಮಿಷ ಕಾಯೋಣ.